ಕೊತ್ತಂಬರಿ ಬೆಳೆದ ಮೀನಿನ ಗಡಿಗೆ

ನಾನು ಒಂದು ಮಣ್ಣಿನ ಗಡಿಗೆ. ಘಟ್ಟದ ಬುಡದ ಕುಂಬಾರರ ಮನೆಯಲ್ಲಿ ಹುಟ್ಟಿ, ಬೆಂಕಿಯಲ್ಲಿ ಬೆಂದು, ಯಾರದೋ ತಲೆಹೊರೆಯಲ್ಲಿ ಉಡುಪಿಯ ಸಂತೆಗೆ ಬಂದೆ. ಅಲ್ಲಿ ನನ್ನ ಈಗಿನ ಒಡತಿ ವಾರಿಜಕ್ಕನ ಅತ್ತೆ ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆಗೆ ಬಡಿದು, ಕಿವಿಗೊಟ್ಟು ಕೇಳಿ, "ಇದು ಮೀನಿಗೆ ಆಗ್ತದೆ" ಎಂದರು. ಅಷ್ಟಕ್ಕೇ ನಾನು ಉಬ್ಬಿಹೋದೆ.

ಇಪ್ಪತ್ತೆರಡು ವರ್ಷ ಬಂಗುಡೆ, ಬೂತಾಯಿ ಸಾರು ಕುದಿಸಿದೆ. ಅತ್ತೆ ತೀರಿಕೊಂಡ ಮೇಲೆ ಸೌಟು ವಾರಿಜಕ್ಕನ ಕೈಗೆ ಬಂತು. ಮಣ್ಣು ಹಳೆಯದಾದಷ್ಟೂ ಸಾರು ಕುಡಿದು ರುಚಿ ಕೊಡುತ್ತದೆ ಎಂದು ಊಟಕ್ಕೆ ಬಂದವರೆಲ್ಲ ಹೊಗಳುವವರೇ. ಸ್ಟೀಲ್ ಪಾತ್ರೆಗಳನ್ನು ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ; ನನಗೆ ದೊಣ್ಣೆಯೂ ಬೇಕಾಗಲಿಲ್ಲ. ಒಂದು ದಿನ ಒಲೆಯಿಂದ ಇಳಿಸಿ ಒದ್ದೆ ಕಲ್ಲಿನ ಮೇಲೆ ಇಟ್ಟರು, ಚಟ್ಟೆಂದು ಬಿರುಕು ಬಿಟ್ಟೆ.

"ಅತ್ತೆಯದ್ದು, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದು ವಾರಿಜಕ್ಕ ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ, ತಾರಸಿಗೆ ಏರಿಸಿದರು. ಅಲ್ಲಿ ಅವರ ಕೈತೋಟವಿತ್ತು. ಹಳೆಯ ಬಣ್ಣದ ಡಬ್ಬಗಳಲ್ಲಿ ಪುದೀನ, ಒಂದೆಲಗ, ಶರಬತ್ತಿಗೆಂದು ಶಂಖಪುಷ್ಪ, ತಂಬುಳಿಗೆಂದು ಕೆಂಪು ದಾಸವಾಳ. ನನ್ನಲ್ಲಿ ಕೊತ್ತಂಬರಿ. ಮೊಳಕೆ ಕಂಡ ದಿನ ನನ್ನ ಜಂಬ ಮರಳಿ ಬಂತು.

ಅದಕ್ಕೆ ಅಡ್ಡ ಬಂದದ್ದು ಚುಕ್ಕಿ, ಪಕ್ಕದ ಮನೆಯ ಕಾರ್ಮಿನ್‌ಬಾಯಿಯ ಬೆಕ್ಕು. ಗೋಡೆ ಹಾರಿ ಬಂದು, ಉಳಿದ ಡಬ್ಬಗಳನ್ನು ಮೂಸಿಯೂ ನೋಡದೆ, ನೇರ ನನ್ನ ಮಣ್ಣನ್ನೇ ಕೆದಕುತ್ತಿತ್ತು. ವಾರಿಜಕ್ಕ ಮೂರು ಸಲ ಬಿತ್ತಿದರು, ಮೂರು ಸಲವೂ ಮೊಳಕೆಗಳು ನೆಲ ಕಚ್ಚಿದವು. ಕಾರಣ ನನಗೆ ಗೊತ್ತಿತ್ತು. ನೀರು ಬಿದ್ದೊಡನೆ ನನ್ನ ಮೈಯಿಂದ ಇಪ್ಪತ್ತೆರಡು ವರ್ಷದ ಬಂಗುಡೆಯ ವಾಸನೆ ಏಳುತ್ತಿತ್ತು. ವಾರಿಜಕ್ಕನಿಗೆ ಅದು ಮನೆಯ ವಾಸನೆಯೇ ಆಗಿಹೋಗಿತ್ತು, ಮೂಗಿಗೆ ತಾಗುತ್ತಿರಲಿಲ್ಲ. ನನಗೆ ಮಾತು ಬರುವುದಿಲ್ಲ, ನಿಜ. ಬಂದಿದ್ದರೂ ಹೇಳುತ್ತಿರಲಿಲ್ಲ. ಬೈಗುಳವೆಲ್ಲ ಬೆಕ್ಕಿಗೆ ಬೀಳುತ್ತಿದ್ದುದು ನನಗೆ ಹಿತವಾಗಿತ್ತು.

ಕೊನೆಗೆ ಒಂದು ಬೆಳಿಗ್ಗೆ ವಾರಿಜಕ್ಕ ಗೋಣಿಚೀಲ ತಂದರು. ಕರೆದದ್ದೇ ತಡ, ಚುಕ್ಕಿ ಬಂದುಬಿಟ್ಟಿತು. "ಬಂದರಿನ ಧಕ್ಕೆಯಲ್ಲಿ ಬಿಡ್ತೇನೆ. ಬೋಟಿನ ಮೀನು ತಿಂದು ಸುಖವಾಗಿರ್ಲಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಗೋಣಿ ಕಟ್ಟಿದರು. ರಿಕ್ಷಾ ಹೊರಟ ಸದ್ದು ಕೇಳಿ ನಾನು ಹಿಗ್ಗಿದೆ. ಹೌದು, ಹಿಗ್ಗಿದೆ. ಇದನ್ನು ಹೇಳುವಾಗ ನಾಚಿಕೆಯಿಂದ ಒಡೆದುಹೋಗಬಾರದೇ ಅನ್ನಿಸುತ್ತದೆ.

ಮರುದಿನ ಕಾರ್ಮಿನ್‌ಬಾಯಿ ತಾರಸಿಗೇ ಹತ್ತಿ ಬಂದರು.

"ವಾರಿಜಕ್ಕ, ನಮ್ಮ ಚುಕ್ಕಿಯನ್ನು ಕಂಡ್ರಾ? ನಿನ್ನೆಯಿಂದ ಇಲ್ಲ ಮಾರಾಯ್ರೆ."

"ಇಲ್ಲಪ್ಪ, ನಾನು ನೋಡ್ಲೇ ಇಲ್ಲ."

"ಅದಕ್ಕೆ ನಿಮ್ಮ ಮನೆ ಅಂದ್ರೆ ಪ್ರೀತಿ. ಬಂದ್ರೆ ಇಲ್ಲಿಗೇ ಬರುದು. ಇದನ್ನು ಇಡಿ, ದಿನಾ ತಂದುಕೊಡ್ತೇನೆ" ಎಂದು ಬೇಯಿಸಿದ ಮೀನಿನ ತಲೆಗಳ ತಟ್ಟೆ ಕೈಗಿತ್ತರು.

ದಿನಾ ತಂದರು. ವಾರಿಜಕ್ಕ ದಿನಾ ಅದನ್ನು ಆಚೆ ತುದಿಯ ಕಟ್ಟೆಯ ಮೇಲೆ ಇಟ್ಟು ತಲೆ ತಗ್ಗಿಸಿ ಇಳಿದುಹೋದರು. ಕಾಗೆಗಳು ಖಾಲಿ ಮಾಡಿದ ತಟ್ಟೆ ಕಂಡು, "ಚುಕ್ಕಿ ಬಂದಿತ್ತೋ ಏನೋ" ಎಂದು ಕಾರ್ಮಿನ್‌ಬಾಯಿ ಆಸೆಪಟ್ಟರೆ, ಇವರು ಪುದೀನ ಚಿವುಟುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವರೊಬ್ಬರದೇ ಅಲ್ಲ, ನನ್ನದೂ.

ಹತ್ತನೆಯ ದಿನ ಎಲ್ಲಿಂದಲೋ ಬೇರೊಂದು ಬೆಕ್ಕು ಬಂದು ನನ್ನನ್ನೇ ಕೆದಕಿತು. ಅದನ್ನು ಓಡಿಸಿ, ಚೆಲ್ಲಿದ ಮಣ್ಣು ಬಾಚಲು ಬಗ್ಗಿದ ವಾರಿಜಕ್ಕ ಹಾಗೇ ನಿಂತುಬಿಟ್ಟರು. ನನ್ನ ಒದ್ದೆ ಅಂಚನ್ನು ಮೂಸಿದರು. ಪಕ್ಕದ ಡಬ್ಬವನ್ನು ಮೂಸಿದರು. ಮತ್ತೆ ನನ್ನನ್ನು ಮೂಸಿದರು. "ಅಯ್ಯೋ ದೇವ್ರೇ, ನಮ್ಮದೇ ಗಡಿಗೆ!" ಎಂದರು. ಆಮೇಲೆ ಬುಟ್ಟಿ ಹಿಡಿದು ಧಕ್ಕೆಗೆ ಓಡಿದರು. ಮಧ್ಯಾಹ್ನ ಬರಿಗೈಯಲ್ಲಿ ಬಂದರು.

ಸಂಜೆ ಕಾರ್ಮಿನ್‌ಬಾಯಿ ತಟ್ಟೆ ಹಿಡಿದು ಮೇಲೆ ಬಂದಾಗ ವಾರಿಜಕ್ಕ ಅದನ್ನು ತೆಗೆದುಕೊಳ್ಳಲಿಲ್ಲ.

"ತಟ್ಟೆ ಬೇಡ ಬಾಯಿ. ನಾನೇ ಅದನ್ನು ಗೋಣಿಗೆ ಹಾಕಿ ಧಕ್ಕೆಯಲ್ಲಿ ಬಿಟ್ಟದ್ದು. ಅದರ ತಪ್ಪೇ ಇರ್ಲಿಲ್ಲ. ಇವತ್ತು ಹೋಗಿ ಹುಡುಕಿದೆ, ಸಿಗ್ಲಿಲ್ಲ."

ಕಾರ್ಮಿನ್‌ಬಾಯಿ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟರು.

"ಗೋಣಿಗೆ ಹಾಕುವಾಗ ತುಂಬ ಕೂಗಿತಾ?"

"ಇಲ್ಲ" ಎಂದರು ವಾರಿಜಕ್ಕ. "ನನ್ನ ಕೈಯಲ್ವಾ, ಅದು ಹೆದರ್ಲೇ ಇಲ್ಲ."

ಈಗ ನಾನು ಮಣ್ಣು ಬರಿದಾಗಿ ನೀರಿನ ಟಾಂಕಿಯ ಹಿಂದೆ ಬೋರಲಾಗಿ ಬಿದ್ದಿದ್ದೇನೆ. ಇಬ್ಬರೂ ಭಾನುವಾರ ಭಾನುವಾರ ಬುಟ್ಟಿ ಹಿಡಿದು ಧಕ್ಕೆಗೆ ಹೋಗುತ್ತಾರೆ, ಹೆಚ್ಚು ಮಾತಾಡದೆ ಹಿಂದಿರುಗುತ್ತಾರೆ. ಚುಕ್ಕಿ ಸಿಕ್ಕಿಲ್ಲ. ವಾರಿಜಕ್ಕನಿಗಾದರೂ ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬರಿದ್ದರು. ರಿಕ್ಷಾ ಹೊರಟಾಗ ಹಿಗ್ಗಿದ್ದು ನಾನು, ಮತ್ತು ಈವರೆಗೆ ನನ್ನನ್ನು ಯಾರೂ ಬೈದಿಲ್ಲ.