ಕೊಡದ ಹುಯ್ಲು

ಮಂಜಯ್ಯ ಅಂಗಳದ ಮರಳಿನಲ್ಲಿ ಮಂಡಿಯೂರಿದಾಗ ಮೀನು ಮಾರುವ ಬೆಳ್ಳಿ ಕೂತು ಬಂಗುಡೆ ಕೊಯ್ಯುತ್ತಿದ್ದಳು. ನಾಲ್ಕು ದೋಣಿಗಳ ಯಜಮಾನ, ಎಂದೂ ಅವಳ ಬಾಗಿಲಿಗೆ ಬಂದವನಲ್ಲ. ಬೇಲಿಯಾಚೆ ರಿಕ್ಷಾ ನಿಂತಿತ್ತು. ಒಳಗೆ ಅವನ ಸೊಸೆ ಶ್ರೀಲತಾ, ಮಡಿಲಲ್ಲಿ ಆರು ವರ್ಷದ ಮೊಮ್ಮಗಳು ಮೋಕ್ಷಿತಾ.

“ಬೆಳ್ಳಕ್ಕ, ನೀವ್ ಕೊಟ್ಟ ಹುಯ್ಲ್ ಹಿಂದೆ ತೆಗೀನಿ. ನಿಮ್ ಕಾಲ್ ಹಿಡಿತೆ.”

ಮೂರು ವರ್ಷ ಅವಳು ಕಾದದ್ದು ಇದಕ್ಕೇ. ದೋಣಿಯ ಎಂಜಿನ್ ಕದ್ದನೆಂದು ಮಂಜಯ್ಯ ಅವಳ ಗಂಡ ತಿಮ್ಮನನ್ನು ಮರವಂತೆಯ ದಡದಲ್ಲಿ ಎಲ್ಲರೆದುರು ಚಪ್ಪಲಿಯಲ್ಲಿ ಹೊಡೆದಿದ್ದ. ತಿಮ್ಮ ಮರುದಿನವೇ ನೇಣು ಹಾಕಿಕೊಂಡ. ತಿಂಗಳ ಬಳಿಕ ಎಂಜಿನ್ ಮಂಜಯ್ಯನ ತಮ್ಮನ ಕೊಟ್ಟಿಗೆಯಲ್ಲೇ ಸಿಕ್ಕಿತು. ಆದರೂ ಮಂಜಯ್ಯ ತಪ್ಪಾಯಿತೆನ್ನಲಿಲ್ಲ. ಆಗ ಬೆಳ್ಳಿ ಮೀನು ಮಾರ್ಕೆಟ್ಟಿನ ನಡುವೆ ನಿಂತು, ಅವನ ಮೇಲೆ ಬೊಬ್ಬರ್ಯ ದೈವಕ್ಕೆ ಹುಯ್ಲು ಕೊಟ್ಟು ಬಂದಿದ್ದೇನೆಂದು ಕೂಗಿದಳು. ಹುಯ್ಲೆಂದರೆ ದೈವದೆದುರು ಇಡುವ ದೂರು. ಕೊಟ್ಟವರೇ ಹಿಂದೆ ತೆಗೆದುಕೊಂಡರಷ್ಟೇ ಬಿಡುಗಡೆ.

ಕೊಟ್ಟಿರಲಿಲ್ಲ. ಗುಡಿಯ ಮೆಟ್ಟಿಲವರೆಗೆ ಹೋದವಳು ಧೈರ್ಯ ಸಾಲದೆ ವಾಪಸಾಗಿದ್ದಳು. ಆದರೆ ಕೊಟ್ಟ ಹುಯ್ಲಿಗಿಂತ ಕೊಡದ ಹುಯ್ಲೇ ಜೋರು ನೋಡಿ! ಮಂಜಯ್ಯನ ಬಲೆ ಹರಿದರೂ ಹುಯ್ಲು, ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರೂ ಹುಯ್ಲು. ಬೆಳ್ಳಿಯೂ ಸುಮ್ಮನಿರಲಿಲ್ಲ. ಆ ಮನೆಯಲ್ಲಿ ಏನಾದರೂ ಕೆಟ್ಟದ್ದಾದ ಮರುದಿನ ಮೀನಿನ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಹೋಗಿ, “ಬೊಬ್ಬರ್ಯ ಮರೀಲಿಲ್ಲ” ಎಂದು ಯಾರಿಗೋ ಎಂಬಂತೆ ಹೇಳುವಳು. ಅಂದು ಅವಳಿಗೆ ಗಂಜಿ ರುಚಿಸುತ್ತಿತ್ತು.

ಈಗ ರಿಕ್ಷಾದೊಳಗೆ ಇಣುಕಿದಳು. ಮಗುವಿನ ಕಣ್ಣು ಅರಿಶಿನದ ಹಾಗೆ ಹಳದಿ. ಎರಡು ದಿನದಿಂದ ಉಚ್ಚೆಯೇ ಹೋಗಿಲ್ಲವೆಂದು ಶ್ರೀಲತಾ ಬಿಕ್ಕಿದಳು. ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದು ಕುಂದಾಪುರದ ಡಾಕ್ಟರು ಚೀಟಿ ಬರೆದಿದ್ದರಂತೆ. ಅಲ್ಲಿಂದ ಆಸ್ಪತ್ರೆಯಿರುವ ತೆಂಕ ದಿಕ್ಕಿಗೆ ಹೋಗಬೇಕಾದ ರಿಕ್ಷಾ ಬಡಗಕ್ಕೆ, ಇವಳಲ್ಲಿಗೆ ಬಂದಿತ್ತು. ಬೆಳ್ಳಿ ಮಂಜಯ್ಯನತ್ತ ತಿರುಗಿದಳು.

“ಇಲ್ಲಿಗ್ ಎಂತಕೆ ಬಂದ್ರಿ? ಮೊದ್ಲ್ ಆಸ್ಪತ್ರೆಗೆ ಹೋಯ್ನಿ!”

“ಹುಯ್ಲ್ ಇದ್ದಲ್ಲಿ ಮದ್ದ್ ಹಿಡಿತಾ?”

“ನಾನ್ ಹುಯ್ಲ್ ಕೊಡ್ಲೇ ಇಲ್ಲ, ಮಂಜಣ್ಣ. ಸಂಕ್ಟಕ್ಕೆ ಸುಳ್ಳ್ ಹೇಳಿದ್ದ್.”

“ಹಾಂಗ್ ಹೇಳ್ಬೇಡಿ. ಸಿಟ್ಟಿದ್ರೆ ನನ್ನ್ ಕೊಲ್ಲಿ. ಈ ಮಗಿ ಎಂತ ಮಾಡಿತ್?”

ಅವಳು ಆಣೆ ಹಾಕಿದಳು, ಎದೆ ಬಡಿದುಕೊಂಡಳು. ನಿಜ ಹೇಳಿದಷ್ಟೂ ಅವನಿಗೆ ಅದು ಹಟವೆಂದೇ ಕೇಳಿಸಿತು. ಹಣೆಯನ್ನು ಅವಳ ಮನೆಯ ಮೆಟ್ಟಿಲಿಗೆ ಚಚ್ಚಿಕೊಳ್ಳತೊಡಗಿದ. ಮಗು ಒಮ್ಮೆ ಬಿಕ್ಕಳಿಸಿ ತಾಯಿಯ ತೋಳಿಗೆ ಒರಗಿತು. ಶಾಸ್ತ್ರವೊಂದು ಮುಗಿದರೆ ಆಸ್ಪತ್ರೆಗೆ ಹೊರಟಾನೆಂದುಕೊಂಡು ಬೆಳ್ಳಿ ಪಕ್ಕದ ಬೊಬ್ಬರ್ಯನ ಗುಡಿಗೆ ಓಡಿದಳು. ಮಂಜಯ್ಯ ಹಿಂದೆಯೇ ಬಂದ. ಮೀನು ಕೊಯ್ದ ಕೈಯಲ್ಲೇ ಅವಳು ದೈವದ ಕಲ್ಲು ಮುಟ್ಟಿದಳು.

“ಕೊಟ್ಟ ಹುಯ್ಲ್ ಹಿಂದೆ ತಕಂಡೆ, ಸ್ವಾಮಿ. ಅವ್ರ್ ಮಕ್ಳ್ ಮರಿ ಚಂದ ಇರ್ಲಿ.”

ಮಂಜಯ್ಯನ ಮುಖ ಅರಳಿತು. ಗಂಧ ತಂದು ಮೊಮ್ಮಗಳ ಹಣೆಗೆ ಹಚ್ಚಿದ. ಶ್ರೀಲತಾ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು.

“ಹ್ವಾಯ್, ಮನೆ ಬದಿಗ್ ತಿರ್ಗ್ಸ್” ಎಂದ ಅವನು ರಿಕ್ಷಾದವನಿಗೆ. “ಇನ್ನ್ ಆಸ್ಪತ್ರೆ ಎಂತಕೆ?”

“ಬೇಡ! ಸುಳ್ಳ್! ಈಗ ಹೇಳಿದ್ದೂ ಸುಳ್ಳ್!” ಬೆಳ್ಳಿ ರಿಕ್ಷಾದ ಸರಳು ಹಿಡಿದಳು. ಕೈ ಜಾರಿತು. ರಿಕ್ಷಾ ಹೆದ್ದಾರಿ ಹತ್ತಿ ಬಡಗಕ್ಕೆ ಹೊರಟಿತು. ಲಾರಿಗಳ ಸದ್ದಿನಲ್ಲಿ ಕೂಗುತ್ತ ಅವಳು ಹಿಂದೆ ಓಡಿದಳು. ಮಂಜಯ್ಯ ಹೊರಗೆ ಬಾಗಿ, ಕಣ್ಮರೆಯಾಗುವವರೆಗೂ ಅವಳಿಗೆ ಕೈಮುಗಿಯುತ್ತಲೇ ಇದ್ದ.