ಕೆನ್ನೆಯೊಳಗಿನ ಮುತ್ತು

“ಚಾಕು ಸೋಕಿದ್ರೆ ಈ ರೋಗ ಮೈಯೆಲ್ಲಾ ಅಬ್ತದಂತೆ. ನಡಿ, ಊರಿಗೋಗಾನ,” ಎಂದು ಮುನಿವೆಂಕಟಯ್ಯ ಆಸ್ಪತ್ರೆಯ ಬೆಂಚಿನಿಂದ ಎದ್ದ. ಹೆಂಡತಿ ರಾಮಲಕ್ಷ್ಮಮ್ಮ ಏಳಲಿಲ್ಲ.

ಎಡಗೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಅಟ್ಟೂರಿನ ಹೊಲದಲ್ಲಿ ಕಳೆ ಕಿತ್ತವಳು ಅವಳು. ಕೆನ್ನೆಯೊಳಗೆ ಅದೇ ಜಾಗದಲ್ಲಿ ಯುಗಾದಿಯ ಹೊತ್ತಿಗೆ ಕಂಡ ಬಿಳಿ ಮಚ್ಚೆ ದಸರೆಯ ವೇಳೆಗೆ ಗಟ್ಟಿ ಹುಣ್ಣಾಗಿತ್ತು. ನೋವಿಲ್ಲವೆಂದು ಸುಮ್ಮನಿದ್ದಳು. ಕೊನೆಗೆ ಯಲಹಂಕದ ಡಾಕ್ಟರು ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಹುಣ್ಣಿನ ಅಂಚಿನಿಂದ ಚೂರೊಂದನ್ನು ತೆಗೆದು ಪರೀಕ್ಷಿಸಿದ್ದರು. ಕ್ಯಾನ್ಸರ್, ಕೊಯ್ದು ತೆಗೆಯಬೇಕು ಎಂದು ಸರ್ಜನ್ ಈಗಷ್ಟೇ ಹೇಳಿ ಹೋಗಿದ್ದರು.

“ಆ ಚೂರು ನೋಡಿದೋರು ಯಾರು?” ಎಂದು ಅವಳು ನರ್ಸನ್ನು ಕೇಳಿದಳು. “ಅವರ್ನ ಕಾಣ್ಬೇಕು ನಾನು.”

ಪ್ರಯೋಗಾಲಯದ ಡಾಕ್ಟರ್ ಫರೀದಾಳನ್ನು ಯಾವ ರೋಗಿಯೂ ಹುಡುಕಿಕೊಂಡು ಬಂದದ್ದಿಲ್ಲ. ರಾಮಲಕ್ಷ್ಮಮ್ಮ ಒಳಬಂದಾಗ ಅವಳು ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದಳು.

“ಒಂದು ಕಣ್ಣು ಮುಚ್ಕೊಂಡು ನೋಡಿ.”

ಗುಲಾಬಿ, ನೇರಳೆ. ನಡುನಡುವೆ ಈರುಳ್ಳಿ ಕೊಯ್ದ ಹಾಗೆ ಸುತ್ತು ಸುತ್ತಾದ ಮುತ್ತುಗಳು.

“ಚೆಂದಾಗೈತೆ. ಇದು ನಂದೇನಾ?”

“ನಿಮ್ದೇ. ಕೆನ್ನೆ ಒಳಗಿನ ತೆಳು ಪದರದ ಜೀವಕಣಗಳು. ಮೇಲೇ ಇರ್ಬೇಕಾದವು ಕೆಳಗಿನ ಮಾಂಸಕ್ಕೆ ಇಳಿದಿವೆ. ಅದಕ್ಕೇ ಕ್ಯಾನ್ಸರ್ ಅನ್ನೋದು. ಆದ್ರೆ ಈ ಮುತ್ತುಗಳಿವೆಯಲ್ಲ, ಹುಟ್ಟಿದ ಗುಣ ಇನ್ನೂ ಪೂರ್ತಿ ಮರೆತಿಲ್ಲ ಅಂತ ಅರ್ಥ. ಇಂಥದ್ದು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತೆ.” ಫರೀದಾ ಅವಳ ದವಡೆಯ ಕೆಳಗೆ, ಕತ್ತಿನುದ್ದಕ್ಕೂ ಬೆರಳೊತ್ತಿ ನೋಡಿದಳು. “ಗಂಟು ಸಿಕ್ತಾ ಇಲ್ಲ. ಇನ್ನೂ ಕೆನ್ನೇಲೇ ಇದೆ.”

“ಕುಯ್ದ್ರೆ ಅಬ್ಬಲ್ವಾ ಡಾಕ್ಟ್ರಮ್ಮ?” ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಯ್ಯ ಕೇಳಿದ.

“ಬಿಟ್ರೆ ಹಬ್ಬುತ್ತೆ.”

“ಮೊಕ ಏನಾಯ್ತದೆ?” ಎಂದಳು ರಾಮಲಕ್ಷ್ಮಮ್ಮ.

“ಸೊಟ್ಟಗಾಗುತ್ತೆ. ಬಾಯಿ ಪೂರ್ತಿ ತೆರೆಯೋಕಾಗಲ್ಲ. ಸುಳ್ಳು ಹೇಳಲ್ಲ ನಾನು.”

ರಾಮಲಕ್ಷ್ಮಮ್ಮ ಮತ್ತೊಮ್ಮೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಧಾನವಾಗಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, “ನೀನೋಗಿ ದನ ನೋಡ್ಕೊ. ನಾನು ಇಲ್ಲೇ ಇರ್ತೀನಿ,” ಎಂದಳು.

ಅವನು ಹೋಗಲಿಲ್ಲ. ದನ ಕಟ್ಟಲು ಅಣ್ಣನಿಗೆ ಹೇಳಿಕಳಿಸಿ, ವರಾಂಡದಲ್ಲಿ ಚಾಪೆ ಹಾಸಿಕೊಂಡ.

ಆಪರೇಷನ್ ಆಯಿತು. ಕತ್ತರಿಸಿ ತೆಗೆದ ತುಂಡಿನ ಅಂಚುಗಳನ್ನು ಫರೀದಾ ಸುತ್ತಲೂ ಪರೀಕ್ಷಿಸಿದಳು. ಎಲ್ಲಿಯೂ ರೋಗದ ಕಣ ಸಿಗಲಿಲ್ಲ. ಸರ್ಜನ್‌ಗೆ ತಿಳಿಸಿದ ಮೇಲೆ ತಾನೇ ವಾರ್ಡಿನತ್ತ ನಡೆದಳು.

ರಾಮಲಕ್ಷ್ಮಮ್ಮನ ಕೆನ್ನೆಗೆ ದಪ್ಪ ಬ್ಯಾಂಡೇಜು. ಮುನಿವೆಂಕಟಯ್ಯ ಲೋಟ ಹಿಡಿದು ಮಜ್ಜಿಗೆ ಕುಡಿಸುತ್ತಿದ್ದ.

“ಅಂಚೆಲ್ಲಾ ಚೊಕ್ಕಟವಾಗಿದೆ,” ಎಂದಳು ಫರೀದಾ.

ರಾಮಲಕ್ಷ್ಮಮ್ಮ ತಲೆಯಾಡಿಸಿದಳು. ಬಾಯಲ್ಲಿದ್ದ ಮಜ್ಜಿಗೆಯಲ್ಲಿ ಅರ್ಧ ಗಲ್ಲದ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡು, ಗಂಡನ ಕೈಯಿಂದ ಲೋಟ ತೆಗೆದುಕೊಂಡು ತಾನೇ ಎತ್ತಿ ಕುಡಿಯತೊಡಗಿದಳು.