ಕ್ಷೌರಿಕನ ಕೈ, ಮಾವನ ಕಣ್ಣು

ಮಗಳು ಸಾಕಿದ ಸಲಮಾಂಡರ್ ಹಲ್ಲಿಯಲ್ಲ; ಹಲ್ಲಿಯ ಆಕಾರದಲ್ಲಿ ಹುಟ್ಟಿದ ಕಪ್ಪೆಯ ನೆಂಟ. ಹಗಲೆಲ್ಲ ಗಾಜಿನ ಪೆಟ್ಟಿಗೆಯ ಒದ್ದೆ ಪಾಚಿಯಡಿ ಬಿದ್ದಿದ್ದು ಊಟದ ಹೊತ್ತಿಗೆ ಸರಿಯಾಗಿ ತಲೆ ಎತ್ತುತ್ತಿದ್ದುದರಿಂದ ಅಪ್ಪ ಅದಕ್ಕೆ ‘ಮಾವ’ ಎಂದು ಹೆಸರಿಟ್ಟಿದ್ದ. ಅಮ್ಮನಿಗೆ ಇದ್ದದ್ದು ಒಬ್ಬನೇ ತಮ್ಮ.

ಮಾವನ ಎಡಗಣ್ಣಿಗೆ ಹಾಲಿನಂಥ ಪೊರೆ ಬಂತು. ಬೆನ್ನ ಮೇಲೆ ಬೂದು ಮಚ್ಚೆ, ಅದರ ಮೇಲೆ ಹತ್ತಿಯ ಎಳೆಯಂಥದ್ದು. ಮಗಳು ಊಟ ಬಿಟ್ಟಳು. ಅಪ್ಪ ಊಟ ಬಿಡುವ ಪೈಕಿಯಲ್ಲ, ಮಾತು ಬಿಟ್ಟ. ಕ್ಷೌರದ ಅಂಗಡಿಯವನು ಮಾತು ಬಿಟ್ಟರೆ ಬೀದಿಗೇ ಗೊತ್ತಾಗುತ್ತದೆ.

ಪ್ರಾಣಿವೈದ್ಯೆ ಭೂತಗನ್ನಡಿಯಲ್ಲಿ ನೋಡಿದಳು. “ಕಣ್ಣಿಗೆ ಹನಿ ಕೊಡ್ತೀನಿ, ಮೈಗೆ ಔಷಧದ ನೀರು. ಪಾಚಿ ತೆಗೆದು ಒದ್ದೆ ಕಾಗದ ಹಾಸಿ, ದಿನಾ ಬದಲಿಸಿ. ತಂಪಿರಲಿ. ಇದನ್ನ ಕೈಯಲ್ಲಿ ಎತ್ಕೊಳ್ಳೋರು ಯಾರು?”

“ನಾನೇ,” ಎಂದ ಅಪ್ಪ, ಶಹಭಾಸ್ ಬರುತ್ತದೆಂದುಕೊಂಡು. “ಅಂಗಡಿಯಿಂದ ಬಂದವನೇ ಬೆನ್ನು ನೀವ್ತೀನಿ. ಕೈ ಬಲು ಸ್ವಚ್ಛ ಮೇಡಂ. ಗಡ್ಡಕ್ಕೊಂದು ಸಲ ಸ್ಪಿರಿಟ್ಟಲ್ಲಿ ಒರೆಸ್ಕೊಳ್ತೀನಿ.”

“ಇದರ ಚರ್ಮ ಕುಡಿಯುತ್ತೆ,” ಎಂದಳು ವೈದ್ಯೆ ಮೆಲ್ಲಗೆ. “ಸ್ಪಿರಿಟ್ಟು, ಕ್ರೀಮು, ಕೈಯಲ್ಲಿದ್ದದ್ದೆಲ್ಲ ಒಳಗೆ. ಚರ್ಮ ಸುಟ್ಟ ಕಡೆ ಸೋಂಕು ಕೂತಿದೆ. ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಲೇಬೇಕಾದ್ರೆ ಗ್ಲೌಸು, ಅದೂ ನೀರಲ್ಲಿ ತೊಳೆದು.”

ಮನೆತನಕ ಅಪ್ಪ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಹನಿ ಹಾಕಲು ಮಗಳು ಕೂತಳು. ಕಣ್ಣು ಸಾಸಿವೆಯಷ್ಟು, ಮೊದಲ ಹನಿ ಮೂಗಿಗೆ, ಎರಡನೆಯದು ಕಾಗದಕ್ಕೆ.

“ಅಪ್ಪಾ, ನೀನು ಹಾಕು.”

“ನನ್ನ ಕೈ ಬೇಡ ಪುಟ್ಟಿ. ಆಗಿರೋದೇ ಸಾಕು.”

“ಅವರು ಬೇಡ ಅಂದಿದ್ದು ಸ್ಪಿರಿಟ್ಟು, ಕೈಯಲ್ಲ,” ಎಂದಳು ಅಮ್ಮ, ಬಟ್ಟೆ ಮಡಿಸುತ್ತಲೇ. “ಊರವರ ಕುತ್ತಿಗೆ ಮೇಲೆಲ್ಲ ಕತ್ತಿ ಆಡಿಸ್ತಾರೆ, ಒಂದು ಹನಿಗೆ ಹೆದರ್ತಾರಂತೆ. ಅದರ ಕಣ್ಣು ಹೋದ್ಮೇಲೆ ಧೈರ್ಯ ಬರುತ್ತಾ?”

ಅಪ್ಪ ಗ್ಲೌಸು ತೊಳೆದು ತೊಟ್ಟು, ಉಸಿರು ಹಿಡಿದು ಬಾಗಿದ. ತುಟಿಯಂಚಿನ ಮೀಸೆ ಕತ್ತರಿಸುವಾಗಿನ ಅದೇ ಭಂಗಿ. ಹನಿ ನೆಟ್ಟಗೆ ಕಣ್ಣಿಗೆ ಬಿತ್ತು. ಮಾವ ಕಣ್ಣು ಒಳಕ್ಕೆಳೆದುಕೊಂಡು, ಮತ್ತೆ ಬಿಟ್ಟ.

ಅಂದಿನಿಂದ ಬೆಳಿಗ್ಗೆ ಸಂಜೆ ಅದೇ ಕೆಲಸ. ಎಳೆಗಳು ಉದುರಿದವು, ಪೊರೆ ತೆಳುವಾಯಿತು. ಒಂದು ಬೆಳಿಗ್ಗೆ ನೋಡಿದರೆ ಮಾವ ಹಳೇ ಚರ್ಮ ಕಳಚಿ ಅದನ್ನೇ ನಿಧಾನವಾಗಿ ನುಂಗುತ್ತಿದ್ದ. ಎರಡೂ ಕಣ್ಣು ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿದ್ದವು.

“ಗ್ಲೌಸು ಹಾಕ್ಕೊಂಡು ಒಂದ್ಸಲ ಬೆನ್ನು ನೀವಪ್ಪಾ,” ಎಂದಳು ಮಗಳು. “ಏನೂ ಆಗಲ್ಲ.”

“ಊಟ ಮಾಡ್ತಿದ್ದಾರೆ, ಬಿಡು.”

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕುಕ್ಕರುಗಾಲಲ್ಲಿ ಕೂತ. ಅಂಗಡಿ ತೆರೆಯುವ ಹೊತ್ತು ಮೀರಿತ್ತು.